ಗಾಡಿ ಘಟ್ಟದಲ್ಲಿ, ಚುಕ್ಕಿ ಕಾಡಿನಲ್ಲಿ: ಅಂದಾಜಿನ ಟ್ರ್ಯಾಕಿಂಗ್ ಕೆಟ್ಟರೆ ದೋಷ ಹುಡುಕುವುದು ಹೇಗೆ

ಏಳು ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು. ಶಿರಸಿಯ ಮೀನಿನ ಅಂಗಡಿಯವರ ಫೋನ್ ಬಂತು. "ತಮ್ಮಾ, ನಮ್ಮ ಗಾಡಿ ಎಲ್ಲಿದೆ ನೋಡು. ಮ್ಯಾಪಲ್ಲಿ ರಸ್ತೆಯೇ ಇಲ್ಲದ ಕಡೆ ತೋರಿಸ್ತಾ ಇದೆ. ಡ್ರೈವರ್ ಫೋನೂ ಹತ್ತುತ್ತಾ ಇಲ್ಲ."

ಲ್ಯಾಪ್‌ಟಾಪ್ ತೆರೆದು ನೋಡಿದೆ. ರಾತ್ರಿ ಕಾರವಾರದಲ್ಲಿ ಮೀನು ತುಂಬಿಕೊಂಡು ಹೊರಟ ಪಿಕಪ್ ದೇವಿಮನೆ ಘಟ್ಟದ ರಸ್ತೆ ಬಿಟ್ಟು ಐದು ಕಿಲೋಮೀಟರ್ ಆಚೆ, ದಟ್ಟ ಕಾಡಿನ ನಡುವೆ, ಗಂಟೆಗೆ 38 ಕಿಲೋಮೀಟರ್ ವೇಗದಲ್ಲಿ ಓಡುತ್ತಿತ್ತು. ಹೊರಗೆ ಮಳೆ ಸುರಿಯುತ್ತಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಮೇಲೆ ನಮ್ಮ ಜಿಲ್ಲೆಯಲ್ಲಿ 'ಗಾಡಿ ಎಲ್ಲಿದೆ' ಎಂದು ಕೇಳುವಾಗ ದನಿಯೇ ಬೇರೆ ಇರುತ್ತದೆ.

ಮುಕ್ಕಾಲು ಗಂಟೆ ಬಿಟ್ಟು ಡ್ರೈವರ್ ತಾನೇ ಫೋನ್ ಮಾಡಿದ. "ಏನೂ ಆಗಿಲ್ಲ ಅಣ್ಣ. ಟಾರ್ಪಾಲಿನ ಹಗ್ಗ ಸಡಿಲಾಗಿತ್ತು. ಘಟ್ಟದ ಬುಡದಲ್ಲಿ ನಿಲ್ಲಿಸಿ ಕಟ್ಟಿಕೊಂಡೆ. ಅಲ್ಲಿ ನೆಟ್‌ವರ್ಕ್ ಇರ್ಲಿಲ್ಲ."

ಗಾಡಿ ನಿಂತಿತ್ತು. ಮ್ಯಾಪಿನ ಚುಕ್ಕಿ ಓಡುತ್ತಿತ್ತು. ತಪ್ಪು ನಾನು ಬರೆದ ಪ್ರೋಗ್ರಾಮಿನಲ್ಲಿತ್ತು. ಅದನ್ನು ಹುಡುಕಲು ನನಗೆ ಹಿಡಿದಷ್ಟು ದಿನ ನಿಮಗೆ ಹಿಡಿಯಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಶಾಲೆ ವ್ಯಾನು, ಮೀನಿನ ಪಿಕಪ್, ಅಡಿಕೆ ಲಾರಿ ಅಂತ ಸಣ್ಣ ಮಟ್ಟದಲ್ಲಿ ಟ್ರ್ಯಾಕರ್ ಜೋಡಿಸುವವರಿಗೆ ಇದು ಕೆಲಸಕ್ಕೆ ಬರುತ್ತದೆ. ಕಾನೂನು ಪ್ರಕಾರ ಹಾಕಿಸುವ ಸರ್ಟಿಫೈಡ್ ಟ್ರ್ಯಾಕರ್‌ಗಳನ್ನು ಮಾತ್ರ ಮುಟ್ಟಬೇಡಿ. ಅವು ಎಷ್ಟು ಹೊತ್ತಿಗೊಮ್ಮೆ ಕಳಿಸಬೇಕು ಎನ್ನುವುದು ನಮ್ಮ ಕೈಯಲ್ಲಿಲ್ಲ.

ಮೌನಕ್ಕೂ ಒಂದು ಅರ್ಥ ಇದೆ

ಸಾಮಾನ್ಯ ಟ್ರ್ಯಾಕರ್ ಐದು ಸೆಕೆಂಡಿಗೊಮ್ಮೆ 'ಇಲ್ಲಿದ್ದೇನೆ' ಎಂದು ಹೇಳುತ್ತಲೇ ಇರುತ್ತದೆ. ದಿನಕ್ಕೆ 12 ಗಂಟೆ ಓಡಿದರೆ 8640 ಸಂದೇಶ. ಒಳಗಿನ ಮಾಹಿತಿ 20 ಬೈಟ್ ಇದ್ದರೆ, ಯುಡಿಪಿ ಎಂಬ ಹಗುರ ವಿಧಾನದಲ್ಲಿ ಕಳಿಸಿದರೂ ವಿಳಾಸ ಹೊತ್ತ ಹೊರಗಿನ ಲಕೋಟೆಯೇ 28 ಬೈಟ್. ಕಾಗದಕ್ಕಿಂತ ಲಕೋಟೆ ಭಾರ. ಹಾಗಾಗಿ ಸಂದೇಶವನ್ನು ಕುಗ್ಗಿಸುವುದಕ್ಕಿಂತ ಸಂದೇಶಗಳ ಸಂಖ್ಯೆ ಕಡಿಮೆ ಮಾಡಿದರೆ ಲಾಭ ಜಾಸ್ತಿ. ಸಿಗ್ನಲ್ ಕಡಿಮೆ ಇರುವ ಘಟ್ಟದಲ್ಲಂತೂ ಸಂದೇಶಗಳು ಸಾಲುಗಟ್ಟಿ ನಿಂತು, ಬರುವ ಹೊತ್ತಿಗೆ ಹಳಸಿರುತ್ತವೆ.

ಅಂದಾಜಿನ ಪದ್ಧತಿ ಬೇರೆ. ಗಾಡಿಯಲ್ಲಿರುವ ಸಾಧನ ಒಮ್ಮೆ ತನ್ನ ಜಾಗ, ವೇಗ, ದಿಕ್ಕು, ಹೊತ್ತು ಇಷ್ಟನ್ನು ಕಳಿಸುತ್ತದೆ. ಅಲ್ಲಿಂದ ಮುಂದೆ ಸರ್ವರ್ ತಾನೇ ಲೆಕ್ಕ ಹಾಕಿ ಚುಕ್ಕಿಯನ್ನು ಓಡಿಸುತ್ತದೆ. ಅದೇ ಲೆಕ್ಕವನ್ನು ಸಾಧನವೂ ಹಾಕುತ್ತಿರುತ್ತದೆ. ಸರ್ವರ್ ಈಗ ನನ್ನನ್ನು ಎಲ್ಲಿ ತೋರಿಸುತ್ತಿರಬಹುದು ಎಂದು ನೋಡಿ, ನಿಜವಾದ ಜಿಪಿಎಸ್ ಜಾಗಕ್ಕೂ ಅದಕ್ಕೂ ಐವತ್ತು ಮೀಟರ್ ಮೀರಿ ವ್ಯತ್ಯಾಸ ಬಂದಾಗ ಮಾತ್ರ ಹೊಸ ಸಂದೇಶ ಕಳಿಸುತ್ತದೆ. ಸಮುದ್ರದಲ್ಲಿ ದಡ ಕಾಣದಾಗ ಹಡಗಿನವರು ವೇಗ, ದಿಕ್ಕು, ಹೊತ್ತು ಹಿಡಿದು ಜಾಗ ಗುರುತಿಸುತ್ತಿದ್ದ ಡೆಡ್ ರೆಕನಿಂಗ್ ಇದೇ.

ಇಲ್ಲಿ ಮೌನ ಎಂದರೆ 'ನಿನ್ನ ಅಂದಾಜು ಸರಿ ಇದೆ' ಎಂದು ಅರ್ಥ. ಆದರೆ ನೆಟ್‌ವರ್ಕ್ ಸತ್ತಾಗಲೂ ಮೌನವೇ. ಸಾಧನದ ಫ್ಯೂಸ್ ಹೋದಾಗಲೂ ಮೌನವೇ. ಈ ಪದ್ಧತಿಯ ಹೆಚ್ಚಿನ ದೋಷಗಳೆಲ್ಲ ಈ ಎರಡು ಬಗೆಯ ಮೌನವನ್ನು ಒಂದೇ ಎಂದುಕೊಳ್ಳುವುದರಿಂದ ಬರುತ್ತವೆ. ಅಂದಾಜು ತಪ್ಪುವುದು ದೋಷವೇ ಅಲ್ಲ, ಅದು ತಪ್ಪಲಿಕ್ಕೇ ಇರುವುದು. ತಪ್ಪಿದ ಸುದ್ದಿ ಆಚೆ ಕಡೆಗೆ ಮುಟ್ಟದೇ ಹೋದರೆ ಅದು ದೋಷ.

ಮೊದಲು ಕೇಳಬೇಕಾದ ಪ್ರಶ್ನೆ

ಚುಕ್ಕಿ ತಪ್ಪು ಜಾಗದಲ್ಲಿದೆಯಾ? ಅಥವಾ ಚುಕ್ಕಿ ಸರಿ ಇದ್ದು, ಡೇಟಾ ಮಾತ್ರ ಜಾಸ್ತಿ ಖರ್ಚಾಗುತ್ತಿದೆಯಾ? ಇವೆರಡನ್ನೂ ಬೇರೆ ಮಾಡಿಕೊಳ್ಳದೆ ಕೋಡ್ ತೆರೆಯಬೇಡಿ.

ಸಾಧನ, ಸರ್ವರ್ ಎರಡೂ ಕಡೆ ಒಂದೇ ತಪ್ಪು ಲೆಕ್ಕ ಇದ್ದರೆ ಚುಕ್ಕಿ ಹೆಚ್ಚು ಕೆಡುವುದಿಲ್ಲ. ಸಾಧನಕ್ಕೆ ಸರ್ವರ್ ಎಲ್ಲಿ ತಪ್ಪುತ್ತಿದೆ ಎಂದು ಗೊತ್ತಿರುತ್ತದೆ, ಹಾಗಾಗಿ ಮತ್ತೆ ಮತ್ತೆ ತಿದ್ದಿ ಕಳಿಸುತ್ತದೆ. ಡೇಟಾ ಮಾತ್ರ ಏರುತ್ತದೆ. ತಪ್ಪು ಒಂದೇ ಕಡೆ ಇದ್ದರೆ ಉಲ್ಟಾ. ಸಾಧನ ಎಲ್ಲ ಸರಿ ಇದೆ ಎಂದುಕೊಂಡು ಸುಮ್ನೆ ಕೂರುತ್ತದೆ, ಚುಕ್ಕಿ ಎಲ್ಲೆಲ್ಲೋ ಹೋಗುತ್ತದೆ. ಡೇಟಾ ಬಿಲ್ ಚೆನ್ನಾಗಿಯೇ ಕಾಣುತ್ತದೆ. ಬಿಲ್ ಇಳಿಯಿತು ಎಂದು ನಾನು ಖುಷಿಪಟ್ಟ ತಿಂಗಳಲ್ಲೇ ಆ ಮೀನಿನ ಗಾಡಿ ಕಾಡಿಗೆ ಹೋದದ್ದು.

ಕಳೆದುಹೋದ 4128

ಆ ದಿನ ಗಾಡಿ ಶಿರಸಿಗೆ ಬಂದ ಮೇಲೆ ಸಾಧನದ ಮೆಮೊರಿ ಕಾರ್ಡ್ ತೆಗೆದೆ. ಅದರ ಲಾಗನ್ನೂ (ಕಳಿಸಿದ್ದರ ದಾಖಲೆ) ಸರ್ವರ್ ಲಾಗನ್ನೂ (ಮುಟ್ಟಿದ್ದರ ದಾಖಲೆ) ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಹಾಕಿದ್ದು ಆಗ ಉಪಯೋಗಕ್ಕೆ ಬಂತು. ನೀವು ಇನ್ನೂ ಹಾಕಿಲ್ಲವಾದರೆ ಬೇರೆಲ್ಲ ಬಿಟ್ಟು ಅದನ್ನು ಮೊದಲು ಮಾಡಿ.

ಸಾಧನದ ಕಡೆ ಹೀಗಿತ್ತು. 6:42:10ಕ್ಕೆ 4127, ವೇಗ 38, ದಿಕ್ಕು 85 ಡಿಗ್ರಿ. 6:42:19ಕ್ಕೆ 4128, ವೇಗ 22, ದಿಕ್ಕು 120. 6:42:41ಕ್ಕೆ 4129, ವೇಗ ಸೊನ್ನೆ. ಆಮೇಲೆ ಹತ್ತು ನಿಮಿಷ ಏನೂ ಇಲ್ಲ. ನಿಂತ ಗಾಡಿ ನಿಂತೇ ಇದೆ, ಅಂದಾಜು ಸರಿ, ಹೇಳಲು ಏನೂ ಇಲ್ಲ.

ಸರ್ವರ್ ಕಡೆ 4127 ಇತ್ತು. ಅದರ ಕೆಳಗಿನ ಸಾಲಿನಲ್ಲಿ ನೇರವಾಗಿ 4146.

ತಿರುವಿನಲ್ಲಿ ಕಳಿಸಿದ 4128 ಮುಟ್ಟಲಿಲ್ಲ. ನಿಂತೆ ಎಂದು ಹೇಳಿದ 4129 ಕೂಡ ಮುಟ್ಟಲಿಲ್ಲ. ಯುಡಿಪಿಯಲ್ಲಿ ಕಳಿಸಿದ್ದು ಮುಟ್ಟಿತೋ ಇಲ್ಲವೋ ಯಾರೂ ಬಂದು ಹೇಳುವುದಿಲ್ಲ. ಸಾಧನ ಮಾತ್ರ 'ಹೇಳಿ ಆಯಿತು' ಎಂದುಕೊಂಡು, ಸೊನ್ನೆ ವೇಗವನ್ನೇ ಹೊಸ ಅಂದಾಜಾಗಿ ಇಟ್ಟುಕೊಂಡಿತು. ಸರ್ವರ್ ಹಳೆಯ 38ರ ವೇಗದಲ್ಲೇ ಪೂರ್ವಕ್ಕೆ ಎಳೆಯುತ್ತಾ ಹೋಯಿತು. ಎಂಟು ನಿಮಿಷಕ್ಕೆ ಐದು ಕಿಲೋಮೀಟರ್. ಅಂಗಡಿಯವರು ಫೋನ್ ಮಾಡಿದ ಹೊತ್ತಿಗೆ ಲೆಕ್ಕ ಸರಿಯಾಗಿ ಕೂಡುತ್ತದೆ.

ಪರಿಹಾರ ಎರಡು. ಎರಡೂ ಬೇಕು, ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಒಂದು, ಪೋಚು. ಸರ್ವರ್ ಪ್ರತಿ ಸಂದೇಶಕ್ಕೂ 'ಇಂಥ ಸಂಖ್ಯೆ ಮುಟ್ಟಿತು' ಎಂದು ಎರಡು ಬೈಟಿನ ಉತ್ತರ ಕಳಿಸಬೇಕು. ಸಾಧನ ಕೊನೆಗೆ ಕಳಿಸಿದ್ದನ್ನು ಹಿಡಿದು ವ್ಯತ್ಯಾಸ ನೋಡಬಾರದು, ಕೊನೆಗೆ ಪೋಚು ಬಂದದ್ದನ್ನು ಹಿಡಿದು ನೋಡಬೇಕು. ನನ್ನ ಕೋಡಿನಲ್ಲಿ ಬದಲಾದದ್ದು ಇದೊಂದೇ ಸಾಲು. ಹೀಗೆ ಮಾಡಿದರೆ 4128 ಕಳೆದುಹೋದ ತಕ್ಷಣ ಸಾಧನಕ್ಕೆ ವ್ಯತ್ಯಾಸ ಇನ್ನೂ ಉಳಿದಿದೆ ಎಂದು ಗೊತ್ತಾಗಿ ಮತ್ತೆ ಕಳಿಸುತ್ತದೆ. ಆದರೆ ಹಳೆಯ 4128ನ್ನೇ ಮತ್ತೆ ಕಳಿಸಬೇಡಿ. ಈಗಿನ ಜಾಗ, ಈಗಿನ ವೇಗ ಹಾಕಿ ಹೊಸ ಸಂದೇಶ ಕಳಿಸಿ. ಪ್ರಯತ್ನದ ನಡುವೆ ಎರಡು, ನಾಲ್ಕು, ಎಂಟು ಸೆಕೆಂಡ್ ಹೀಗೆ ಬಿಡುವು ಹೆಚ್ಚಿಸುತ್ತಾ ಹೋಗಿ, ಮೂವತ್ತಕ್ಕೆ ನಿಲ್ಲಿಸಿ. ಇಲ್ಲದಿದ್ದರೆ ಸಿಗ್ನಲ್ ಇಲ್ಲದ ಕಡೆ ಮೋಡೆಮ್ ಸುಮ್ಮನೆ ಕೂಗಿ ಕೂಗಿ ಬಿಸಿಯಾಗುತ್ತದೆ.

ಎರಡು, ನಾಡಿ. ಸಿಗ್ನಲ್ ಪೂರ್ತಿ ಇಲ್ಲದ ಕಡೆ ಪೋಚಿನಿಂದ ಸರ್ವರಿಗೆ ಏನೂ ತಿಳಿಯುವುದಿಲ್ಲ. ಅಂದಾಜು ಸರಿ ಇದ್ದರೂ ನಿಮಿಷಕ್ಕೊಮ್ಮೆ ಸಾಧನ 'ಬದುಕಿದ್ದೇನೆ' ಎಂದು ಹೇಳಬೇಕು. 12 ಗಂಟೆಗೆ 720 ಸಂದೇಶ, ಮೊದಲಿನ 8640ರ ಮುಂದೆ ಇದು ಹೊರೆಯಲ್ಲ. ಎರಡು ನಾಡಿ ತಪ್ಪಿದರೆ ಸರ್ವರ್ ಚುಕ್ಕಿಯನ್ನು ಓಡಿಸುವುದು ನಿಲ್ಲಿಸಬೇಕು. ಚುಕ್ಕಿಯ ಬದಲು ಬೂದು ಬಣ್ಣದ ವೃತ್ತ ಬರೆದು 'ಕೊನೆಯ ಸುದ್ದಿ 6:42' ಎಂದು ತೋರಿಸಬೇಕು. ಎರಡು ನಿಮಿಷಕ್ಕೆ 38ರ ವೇಗದಲ್ಲಿ ಗಾಡಿ ಹೆಚ್ಚೆಂದರೆ ಒಂದೂಕಾಲು ಕಿಲೋಮೀಟರ್ ಹೋಗಿರಬಹುದು. ವೃತ್ತ ಅಷ್ಟು ದೊಡ್ಡದಿರಲಿ, ಹೊತ್ತು ಕಳೆದಂತೆ ಬೆಳೆಯಲಿ. ಗೊತ್ತಿಲ್ಲದಿರುವಾಗ ಗೊತ್ತಿಲ್ಲ ಎಂದು ಕಾಣಿಸಬೇಕು. ಕಾಯುವವರ ಎದೆ ಒಡೆಯುವುದು ಸುಳ್ಳು ಚುಕ್ಕಿಯಿಂದ.

ಇದು ನನ್ನ ಹೊಸ ಉಪಾಯ ಏನಲ್ಲ. ಯುರೋಪಿನಲ್ಲಿ ಕಾರುಗಳು ಒಂದಕ್ಕೊಂದು ಜಾಗ ತಿಳಿಸುವ ಮಾನಕದಲ್ಲಿ ದಿಕ್ಕು 4 ಡಿಗ್ರಿ, ಜಾಗ 4 ಮೀಟರ್ ಅಥವಾ ವೇಗ ಸೆಕೆಂಡಿಗೆ ಅರ್ಧ ಮೀಟರ್ ಬದಲಾದರೆ ಸಂದೇಶ ಹೋಗುತ್ತದೆ. ಏನೂ ಬದಲಾಗದಿದ್ದರೂ ಸೆಕೆಂಡಿಗೆ ಒಂದಾದರೂ ಹೋಗಲೇಬೇಕು. ಕಾರವಾರ ಬಂದರಿಗೆ ಬರುವ ದೊಡ್ಡ ಹಡಗುಗಳು ತಮ್ಮ ಜಾಗ ತಿಳಿಸಲು ಬಳಸುವ ಎಐಎಸ್ ಸಾಧನವೂ ಹಾಗೇ. ಓಡುವಾಗ ವೇಗಕ್ಕೆ ತಕ್ಕಂತೆ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿ ನಿಂತಾಗ 3 ನಿಮಿಷಕ್ಕೊಮ್ಮೆ ಕಳಿಸುತ್ತದೆ. ನಿಂತಾಗಲೂ ಪೂರ್ತಿ ಸುಮ್ಮನಾಗುವುದಿಲ್ಲ, ಗಮನಿಸಿ.

ಯುಡಿಪಿ ಬಿಟ್ಟು ಎಂಕ್ಯೂಟಿಟಿ ಎಂಬ ಇನ್ನೊಂದು ಸಂದೇಶ ವಿಧಾನ ಬಳಸುವವರಿಗೆ ಬೇರೆ ತೊಂದರೆ ಬರುತ್ತದೆ. ಅಲ್ಲಿ ಸಂದೇಶ ಕಳೆಯುವುದು ಕಮ್ಮಿ, ಆದರೆ ತಡೆದು ನಿಲ್ಲುತ್ತದೆ. ಘಟ್ಟ ಹತ್ತಿ ರಾಗಿಹೊಸಳ್ಳಿ ಕಡೆ ಸಿಗ್ನಲ್ ಸಿಕ್ಕ ಕೂಡಲೇ ಹಳೆ ಸಂದೇಶಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಚುಕ್ಕಿ ದಡಬಡ ಕುಣಿಯುತ್ತದೆ, ಕೆಲವೊಮ್ಮೆ ಹಿಂದಕ್ಕೂ ಹೋಗುತ್ತದೆ. ಸರ್ವರ್ ಸಂದೇಶ ಬಂದ ಹೊತ್ತನ್ನು ಹಿಡಿದು ಲೆಕ್ಕ ಹಾಕುತ್ತಿದೆ ಎಂದು ತಿಳಿಯಿರಿ. ಜಿಪಿಎಸ್ ಆ ಜಾಗ ಅಳೆದ ಹೊತ್ತನ್ನೇ ಹಿಡಿಯಬೇಕು. ಕ್ರಮಸಂಖ್ಯೆ ಹಿಂದಿನದಾಗಿದ್ದರೆ ಅದು ನಡೆದ ದಾರಿಯ ಗೆರೆಗೆ ಸೇರಲಿ, ಈಗಿನ ಚುಕ್ಕಿಯನ್ನು ಮುಟ್ಟದಿರಲಿ.

ತಪ್ಪಿನ ಗುಣ ನೋಡಿ

ಸಂದೇಶಗಳೆಲ್ಲ ಮುಟ್ಟುತ್ತಿವೆ, ಆದರೂ ಚುಕ್ಕಿ ಸರಿ ಇಲ್ಲ ಎಂದರೆ ನೇರ ರಸ್ತೆಗೆ ಹೋಗಿ ನೋಡಿ. ಘಟ್ಟದಲ್ಲಿ ಹತ್ತು ಕಾರಣ ಬೆರೆತಿರುತ್ತವೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸ್ವಲ್ಪ ನೇರ ಇರುವ ಕಡೆ ಒಂದೇ ವೇಗದಲ್ಲಿ ಓಡಿಸಿ, ಪಕ್ಕದಲ್ಲಿ ಕೂತು ಫೋನಿನ ಮ್ಯಾಪ್ ಜೊತೆ ಹೋಲಿಸಿ. ತಪ್ಪು ಹೇಗೆ ಬೆಳೆಯುತ್ತದೆ ಎನ್ನುವುದೇ ಕಾರಣ ಹೇಳುತ್ತದೆ.

ಗಾಡಿ ನಿಂತರೂ ಓಡಿದರೂ ತಪ್ಪು ಅಷ್ಟೇ ದೊಡ್ಡದಿದ್ದರೆ ಅದು ಅಕ್ಷಾಂಶ ರೇಖಾಂಶದ ತಪ್ಪು. ಜಿಪಿಎಸ್ ಮಾಡ್ಯೂಲ್ ಶಿರಸಿಯ ಅಕ್ಷಾಂಶವನ್ನು 1437 ಎಂದು ಶುರುವಾಗುವ ಅಂಕಿಯಲ್ಲಿ ಕೊಡುತ್ತದೆ. ಅದು 14 ಡಿಗ್ರಿ 37 ಮಿನಿಟು, ಅಂದರೆ 14.62 ಡಿಗ್ರಿ. 14.37 ಎಂದು ಓದಿದರೆ ಗಾಡಿ 27 ಕಿಲೋಮೀಟರ್ ದಕ್ಷಿಣಕ್ಕೆ ಜಾರುತ್ತದೆ. ರೇಖಾಂಶದಲ್ಲೂ ಅದೇ ತಪ್ಪಾದರೆ 36 ಕಿಲೋಮೀಟರ್ ಪಶ್ಚಿಮಕ್ಕೆ. ಶಿರಸಿಯಲ್ಲಿ ನಿಂತ ಗಾಡಿ ಕುಮಟಾದ ಹತ್ತಿರ ಕಂಡರೆ ಬೇರೆಲ್ಲೂ ಹುಡುಕಬೇಡಿ.

ವೇಗ ಜಾಸ್ತಿಯಾದಂತೆ ತಪ್ಪೂ ಜಾಸ್ತಿ, ನಿಂತಾಗ ಸೊನ್ನೆ ಎಂದರೆ ಗಡಿಯಾರದ ತಪ್ಪು. ಜಿಪಿಎಸ್‌ನ ಸ್ವಂತ ಹೊತ್ತು 2017ರ ಜನವರಿಯಿಂದ ಯುಟಿಸಿಗಿಂತ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಹೊತ್ತು) 18 ಸೆಕೆಂಡ್ ಮುಂದಿದೆ. ಸಾಧನ ಜಿಪಿಎಸ್ ಹೊತ್ತನ್ನೇ ನಮೂದಿಸಿ, ಸರ್ವರ್ ಯುಟಿಸಿಯಲ್ಲಿ ಲೆಕ್ಕ ಹಾಕಿದರೆ ಚುಕ್ಕಿ 18 ಸೆಕೆಂಡ್ ಹಿಂದೆ ಉಳಿಯುತ್ತದೆ. 60ರ ವೇಗದಲ್ಲಿ ಅದು ಸರಿಯಾಗಿ 300 ಮೀಟರ್. ಕೆಲವು ಮಾಡ್ಯೂಲ್‌ಗಳಲ್ಲಿ ಇದು ಆನ್ ಮಾಡಿದ ಮೊದಲ ಕೆಲವು ನಿಮಿಷ ಮಾತ್ರ ಇದ್ದು ಆಮೇಲೆ ತಾನೇ ಸರಿಹೋಗುತ್ತದೆ. ಉಪಗ್ರಹದಿಂದ ಪೂರ್ತಿ ಮಾಹಿತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು, ಆ ಸೆಕೆಂಡುಗಳ ಲೆಕ್ಕವೂ ಅದರಲ್ಲೇ ಇರುತ್ತದೆ. ಹಾಗಾಗಿ 'ಬೆಳಿಗ್ಗೆ ಹೊರಡುವಾಗ ಮಾತ್ರ ತಪ್ಪು' ಎಂಬ ದೂರು ಬಂದರೆ ತಳ್ಳಿಹಾಕಬೇಡಿ.

ಪ್ರತಿ ಸಂದೇಶ ಬಂದ ಕೂಡಲೇ ಸರಿಯಾಗಿ, ಆಮೇಲೆ ನಿಧಾನಕ್ಕೆ ತಪ್ಪು ಬೆಳೆಯುತ್ತಾ ಹೋದರೆ ವೇಗ ಅಥವಾ ದಿಕ್ಕು ನೋಡಿ. ಮಾಡ್ಯೂಲ್ ಜಾಗ, ವೇಗ, ಹೊತ್ತು ಒಟ್ಟಿಗೆ ಕೊಡುವ ಆರ್‌ಎಂಸಿ ಎಂಬ ಸಾಲಿನಲ್ಲಿ ವೇಗ ನಾಟ್ ಲೆಕ್ಕದಲ್ಲಿರುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಸರ್ವರ್ ಅದನ್ನು ಕಿಲೋಮೀಟರ್ ಎಂದುಕೊಂಡರೆ ಚುಕ್ಕಿ ಅರ್ಧ ವೇಗದಲ್ಲಿ ತೆವಳುತ್ತದೆ, ಹೊಸ ಸಂದೇಶ ಬಂದಾಗ ಮುಂದಕ್ಕೆ ಹಾರುತ್ತದೆ.

ಇದೇ ಗುಂಪಿನ ಇನ್ನೊಂದು ತಪ್ಪನ್ನು ಹಿಡಿಯುವುದು ಕಷ್ಟ. ಬೈಟ್ ಉಳಿಸಲು ನಾವು ದಿಕ್ಕನ್ನು ಒರಟಾಗಿ ಕಳಿಸುತ್ತೇವೆ. ಒಂದೇ ಬೈಟಿನಲ್ಲಿ ಹಾಕಿದರೆ 1.4 ಡಿಗ್ರಿಯ ಮೆಟ್ಟಿಲು, ಹೆಚ್ಚೆಂದರೆ 0.7 ಡಿಗ್ರಿ ತಪ್ಪು, ಕಿಲೋಮೀಟರಿಗೆ 12 ಮೀಟರ್. ಪರವಾಗಿಲ್ಲ. ಇನ್ನೂ ಉಳಿಸೋಣ ಎಂದು ಹದಿನಾರೇ ದಿಕ್ಕು ಇಟ್ಟರೆ ಕಿಲೋಮೀಟರಿಗೆ 200 ಮೀಟರ್ ತನಕ ಹೋಗುತ್ತದೆ. ಒರಟು ಮಾಡಿದ್ದು ತಪ್ಪಲ್ಲ. ಸಾಧನ ತನ್ನ ಅಂದಾಜಿಗೆ ನಯವಾದ ಅಂಕಿ ಬಳಸಿ, ಸರ್ವರಿಗೆ ಒರಟು ಅಂಕಿ ಕೊಟ್ಟಿದ್ದು ತಪ್ಪು. ಸಾಧನವೂ ತಾನು ಕಳಿಸಿದ ಒರಟು ಅಂಕಿಯಿಂದಲೇ ಲೆಕ್ಕ ಹಾಕಬೇಕು. ಆಗ ಐವತ್ತು ಮೀಟರ್ ದಾಟಿದ ಕೂಡಲೇ ಅದಕ್ಕೇ ಗೊತ್ತಾಗುತ್ತದೆ.

ನಿಂತ ಗಾಡಿ ರಾತ್ರಿಯಿಡೀ ಮಾತಾಡಿದರೆ

ಹಲಸಿನ ಮರದ ಕೆಳಗೆ, ತೋಟದ ಅಂಚಿನಲ್ಲಿ ನಿಲ್ಲಿಸಿದ ಗಾಡಿ ಬೆಳಗಾಗುವಷ್ಟರಲ್ಲಿ ನೂರಾರು ಸಂದೇಶ ಕಳಿಸಿರುತ್ತದೆ. ಎಲೆ, ಕೊಂಬೆ, ಪಕ್ಕದ ಗೋಡೆಗಳಿಂದ ಸಿಗ್ನಲ್ ತಾಗಿ ಬಂದು ಜಿಪಿಎಸ್ ಜಾಗ ಅಲುಗಾಡುತ್ತದೆ. ವೇಗ ಒಂದೆರಡು ಕಿಲೋಮೀಟರ್ ತೋರಿಸುತ್ತದೆ, ದಿಕ್ಕು ಮನಸ್ಸಿಗೆ ಬಂದಂತೆ ತಿರುಗುತ್ತದೆ. ಇಗ್ನಿಷನ್ ವೈರ್ ಜೋಡಿಸಿ, ಕೀ ಆಫ್ ಇದ್ದಾಗ ವೇಗ ಸೊನ್ನೆ ಎಂದು ಗಟ್ಟಿ ಮಾಡಿ. ಓಡುವಾಗಲೂ ಗಂಟೆಗೆ ಐದು ಕಿಲೋಮೀಟರಿಗಿಂತ ಕಡಿಮೆ ಇದ್ದರೆ ಹಿಂದಿನ ದಿಕ್ಕನ್ನೇ ಉಳಿಸಿಕೊಳ್ಳಿ. ಮಾರಿಕಾಂಬಾ ಜಾತ್ರೆ ಹೊತ್ತಿಗೆ ಶಿರಸಿ ಪೇಟೆಯಲ್ಲಿ ತೆವಳುವ ಗಾಡಿಗಳಿಗೆ ಇದು ಬಹಳ ಮುಖ್ಯ.

ಕಾರವಾರದ ಹತ್ತಿರ ಬಿಣಗಾ ಕಡೆಯ ಸುರಂಗದಲ್ಲಿ ಇದಕ್ಕೆ ಉಲ್ಟಾ. ಒಳಗೆ ಜಿಪಿಎಸ್ ಸಿಗುವುದಿಲ್ಲ, ಆದರೂ ಕೆಲವು ಮಾಡ್ಯೂಲ್ ಹಳೆಯ ಜಾಗವನ್ನೇ ಹೇಳುತ್ತಿರುತ್ತವೆ. ಗಾಡಿ ಸುರಂಗದ ಬಾಯಲ್ಲಿ ನಿಂತಂತೆ ಸಾಧನಕ್ಕೆ ಕಂಡು, 'ವ್ಯತ್ಯಾಸ ಬಂತು' ಎಂದು ತಪ್ಪು ಸುದ್ದಿ ಕಳಿಸುತ್ತದೆ. ಆರ್‌ಎಂಸಿ ಸಾಲಿನಲ್ಲಿ 'ಎ' ಇದ್ದರೆ ಜಾಗ ನಂಬಬಹುದು, 'ವಿ' ಇದ್ದರೆ ನಂಬಬಾರದು. 'ವಿ' ಇರುವಷ್ಟು ಹೊತ್ತು ಹೋಲಿಕೆಯನ್ನೇ ಮಾಡಬೇಡಿ, ನಾಡಿಯಲ್ಲಿ 'ಜಿಪಿಎಸ್ ಇಲ್ಲ' ಎಂದು ಒಂದು ಗುರುತು ಹಾಕಿ ಕಳಿಸಿ.

ಘಟ್ಟದ ತಿರುವು

ಎಲ್ಲ ಸರಿ ಮಾಡಿದ ಮೇಲೂ ಘಟ್ಟದಲ್ಲಿ ಸಂದೇಶ ಜಾಸ್ತಿಯೇ ಹೋಗುತ್ತದೆ. ಅದು ದೋಷ ಅಲ್ಲ. 500 ಮೀಟರ್ ತ್ರಿಜ್ಯದ ಹೆದ್ದಾರಿ ತಿರುವಿನಲ್ಲಿ 60ರ ವೇಗದಲ್ಲಿ ಹೋದರೆ ನೇರ ಗೆರೆಯ ಅಂದಾಜು ಐವತ್ತು ಮೀಟರ್ ತಪ್ಪಲು ಸುಮಾರು 13 ಸೆಕೆಂಡ್ ಬೇಕು. 50 ಮೀಟರ್ ತ್ರಿಜ್ಯದ ಘಟ್ಟದ ತಿರುವಿನಲ್ಲಿ 25ರ ನಿಧಾನದಲ್ಲಿ ಹೋದರೂ ಹತ್ತು ಹನ್ನೊಂದು ಸೆಕೆಂಡಿಗೇ ತಪ್ಪುತ್ತದೆ. ಹೆದ್ದಾರಿಯಲ್ಲಿ ಅಂಥ ತಿರುವು ಅಲ್ಲೊಂದು ಇಲ್ಲೊಂದು. ದೇವಿಮನೆಯಲ್ಲಿ, ಅರಬೈಲಿನಲ್ಲಿ ಒಂದು ಮುಗಿಯುವ ಮೊದಲೇ ಇನ್ನೊಂದು.

ಇದಕ್ಕೆ ಕೆಲವರು ವೇಗದ ಜೊತೆ ವೇಗದ ಏರಿಳಿತವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಘಟ್ಟದಲ್ಲಿ ಅದು ಬೇಡ. ತಿರುವಿಗೆ ಬ್ರೇಕ್ ಹಾಕಿದ್ದನ್ನೇ ನಂಬಿ ಮುಂದುವರಿಸಿದರೆ ಲೆಕ್ಕದಲ್ಲಿ ಗಾಡಿ ಹಿಂದಕ್ಕೆ ಚಲಿಸತೊಡಗುತ್ತದೆ. ದಿನವೂ ಒಂದೇ ದಾರಿಯ ಗಾಡಿಗೆ ರಸ್ತೆಯ ಗೆರೆಯನ್ನೇ ಎರಡೂ ಕಡೆ ತುಂಬಿಡುವುದು ಒಳ್ಳೆಯದು. ಆಗ ಅಂದಾಜು ರಸ್ತೆಗುಂಟ ಹೋಗುತ್ತದೆ, ತಿರುವಿಗೆ ಸಂದೇಶ ಬೇಕಾಗುವುದಿಲ್ಲ, ವೇಗ ಬದಲಾದರೆ ಮಾತ್ರ ಸಾಕು. ಆದರೆ ಇಲ್ಲೂ ಹಳೆಯ ಕಾಯಿಲೆಯೇ ಕಾಡುತ್ತದೆ. ಹೆದ್ದಾರಿ ಅಗಲ ಮಾಡುವಾಗ ರಸ್ತೆ ಪಕ್ಕಕ್ಕೆ ಸರಿದಿರುತ್ತದೆ. ಸರ್ವರಿನಲ್ಲಿ ಹೊಸ ಗೆರೆ ಹಾಕಿ, ಗಾಡಿಯಲ್ಲಿ ಹಳೆಯದನ್ನೇ ಬಿಟ್ಟರೆ ತಪ್ಪು ಒಂದೇ ಕಡೆ ಆಯಿತಲ್ವಾ? ಪ್ರತಿ ಸಂದೇಶದಲ್ಲೂ ಗೆರೆಯ ಆವೃತ್ತಿ ಸಂಖ್ಯೆ ಇರಲಿ. ಎರಡೂ ಹೊಂದದಿದ್ದರೆ ಸಾಧನ ಸರ್ವರ್ ಇಬ್ಬರೂ ನೇರ ಗೆರೆಯ ಲೆಕ್ಕಕ್ಕೆ ಮರಳಲಿ.

ಐವತ್ತು ಮೀಟರ್ ಎಲ್ಲರಿಗೂ ಸರಿಹೊಂದುವ ಅಳತೆಯಲ್ಲ. ಮಳೆಯಲ್ಲಿ ಕೊಡೆ ಹಿಡಿದು ರಸ್ತೆ ಬದಿ ನಿಂತ ತಾಯಿಗೆ ಶಾಲೆ ವ್ಯಾನು ತಿರುವಿನ ಈಚೆಗೋ ಆಚೆಗೋ ಎನ್ನುವುದು ಬೇಕು, ಅಲ್ಲಿ ಮೂವತ್ತು ಇಡಿ. ಹುಬ್ಬಳ್ಳಿಗೆ ಹೊರಟ ಅಡಿಕೆ ಲಾರಿಗೆ ಇನ್ನೂರು ಇದ್ದರೂ ಯಾರಿಗೂ ತೊಂದರೆಯಿಲ್ಲ.

ಏನೇ ಬದಲಾಯಿಸಿದರೂ ಕುಮಟಾದಿಂದ ಶಿರಸಿಗೆ ಒಂದು ಸಲ ಗಾಡಿಯಲ್ಲೇ ಕೂತು ಬನ್ನಿ. ಕತಗಾಲ ದಾಟಿದ ಮೇಲೆ, ಫೋನಿನಲ್ಲಿ ಒಂದು ಗೀಟೂ ಸಿಗ್ನಲ್ ಇಲ್ಲದ ಕಡೆ, ಐದು ನಿಮಿಷ ಗಾಡಿ ನಿಲ್ಲಿಸಲು ಹೇಳಿ. ಆ ಹೊತ್ತಿಗೆ ಊರಲ್ಲಿ ಒಬ್ಬರು ಮ್ಯಾಪ್ ನೋಡುತ್ತಾ ಕೂತಿರಲಿ. ಮೂರನೇ ನಿಮಿಷದೊಳಗೆ ಚುಕ್ಕಿ ಹೋಗಿ ಬೂದು ವೃತ್ತ ಬಂತು ಎಂದು ಅವರು ಹೇಳಿದರೆ ಸಾಧನವನ್ನು ಗಾಡಿಗೆ ಗಟ್ಟಿಯಾಗಿ ಬಿಗಿಯಬಹುದು. ಬಾರದಿದ್ದರೆ ಕಾರ್ಡ್ ತೆಗೆದು ಎರಡೂ ಲಾಗ್ ಪಕ್ಕಪಕ್ಕ ಇಟ್ಟು, ಯಾವ ಸಂಖ್ಯೆಯಿಂದ ಸಾಲು ತಪ್ಪಿದೆ ಎಂದು ನೋಡಿ.